ಅರ್ಧ ಎಲೆ

ಕೊರತೆಯೆಂದರೆ ತಪ್ಪೇನಲ್ಲ, ಎನ್ನುತ್ತಾರೆ ಲೀಲಾಮಣಿ ಅರಸ್ ಮೇಡಂ,
ಗಂಗೋತ್ರಿಯ ತಮ್ಮ ಕೋಣೆಯಲ್ಲಿ ಕನ್ನಡಕ ಒರೆಸುತ್ತ.
ಕೊರತೆ ಒಂದು ಮಾತು.
ನಾಳೆಯ ಬಗ್ಗೆ ಇವತ್ತೇ ಆಡಿದ ಮಾತು.
ದೇಶ ಕೈಗಡ ತಂದಿದೆಯೆಂದರೆ
ಮುಂದಿನ ಸುಗ್ಗಿಯ ಸುದ್ದಿ ಅದರ ಕಿವಿಗೆ ಬಿದ್ದಿದೆ;
ಕೂಡಿಡುತ್ತಿದೆಯೆಂದರೆ ಎಲ್ಲೋ ಇಳಿಜಾರು ಕಂಡಿದೆ.
ನಿನ್ನ ಕೆಲಸ ಇಷ್ಟೇ:
ಆಡಿದ ಮಾತು ನಿಜವೋ ಸುಳ್ಳೋ ನೋಡು.

ನಲವತ್ತೆಂಟು ವರ್ಷದ ಅಂಕಿಗಳಿವೆ ನನ್ನ ಬಳಿ.
ಹೀಗಿರಬೇಕಿತ್ತು ಎಂಬ ಗೆರೆ ಒಂದು,
ಹೀಗಿತ್ತು ಎಂಬ ಗೆರೆ ಇನ್ನೊಂದು.
ಎರಡೂ ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಬೀಳುತ್ತವೆ,
ಆದರೆ ಇರಬೇಕಾದದ್ದು ಮಡುವಿಗೆ ಧುಮುಕುವಲ್ಲಿ
ಇದ್ದದ್ದು ಮೊಣಕಾಲು ನೀರಲ್ಲೇ ನಿಂತುಬಿಡುತ್ತದೆ.
ಯಾಕೆಂದರೆ ಬಾಗಿಲು ಮುಚ್ಚಿತ್ತು,
ಸಾಲ ಕೊಡುವವರಿರಲಿಲ್ಲ,
ಎನ್ನುತ್ತವೆ ಓದಿದ ಪುಸ್ತಕಗಳೆಲ್ಲ.
ನಾನೂ ಹಾಗೇ ಬರೆದಿದ್ದೆ. ಐದನೇ ಅಧ್ಯಾಯ, ಎರಡನೇ ಪ್ಯಾರಾ.

ಸಂಜೆ ಬಸ್ಸಿಳಿದು ದೇವರಾಜ ಮಾರುಕಟ್ಟೆಯ ಒಳಗಿಂದ ನಡೆದರೆ
ಕುಂಕುಮದ ಗೋಪುರಗಳಾಚೆ ಕೆಂಪಾಜಮ್ಮನ ಹೂವಿನ ಕಟ್ಟೆ,
ಅದಕ್ಕೆ ತಾಗಿದಂತೆ ಇನಾಯತ್ ಸಾಬರ ಊದುಬತ್ತಿ.
ಹೂವಿಗೆ ನಾಳೆಯಿಲ್ಲ. ಊದುಬತ್ತಿಗೆ ಆತುರವಿಲ್ಲ.
ನಡುವಿನ ಕಂಬದ ಮೇಲೆ ಸೀಮೆಸುಣ್ಣದ ಗೀಟು,
ಒಂದು ಗೀಟೆಂದರೆ ನೂರು ರೂಪಾಯಿ.
ಚಾಲ್ತಿ ಖಾತೆ, ಬಿಳಿಯ ಮೇಲೆ ಹಳದಿ ಬಳಿದ ಸುಣ್ಣದಲ್ಲಿ.

ಪಿತೃಪಕ್ಷದಲ್ಲಿ ಗೀಟು ಏಳು, ಹನ್ನೊಂದು, ಹದಿನಾಲ್ಕು.
ಮಾರು ಮಲ್ಲಿಗೆಯ ಬೆಲೆ ಕೇಳಿ ನಿಲ್ಲುವವರೂ ಇಲ್ಲ.
ಆದರೂ ಅವಳು ದಾರಕ್ಕೆ ನೀರು ಚಿಮುಕಿಸಿ
ಗಟ್ಟಿ ದನಿಯಲ್ಲೇ ಕೂಗುತ್ತಾಳೆ,
ಅಮಾವಾಸ್ಯೆಯ ಮಾರನೆಯ ದಿನವೇ ನವರಾತ್ರಿಯಲ್ಲವೆ?
ಆಯುಧಪೂಜೆಯ ರಾತ್ರಿ ಒದ್ದೆ ಬಟ್ಟೆಯಲ್ಲಿ ಕಂಬ ಒರೆಸಿ
ಕಂಬದ ಆಚೆ ಮೈಗೆ ನಾಲ್ಕು ಗೀಟು ಎಳೆಯುತ್ತಾಳೆ.
ಈಗ ಸಾಬರು ಸಾಲಗಾರರು.
ಮುಂದಿದೆ, ಮದುವೆಗಳಿಲ್ಲದ ಧನುರ್ಮಾಸ.

ಇಷ್ಟೆಲ್ಲ ಏರಿಳಿದರೂ ಅವಳಿಗೆ ದಿನಕ್ಕೆ ಎರಡೇ ವೀಳ್ಯದೆಲೆ.
ಬನ್ನಿ ಹಂಚಿದ ದಿನವೂ ಎರಡು,
ಶೂನ್ಯಮಾಸದಲ್ಲೂ ಎರಡು,
ಚಿಗುರೆಲೆ, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ.
ನಾನು ಒಂದು ವರ್ಷ ಎಣಿಸಿದೆ, ಡೈರಿಯ ಹಿಂದಿನ ಪುಟಗಳಲ್ಲಿ.
ಇಂಥ ಸಮತಟ್ಟು ನನ್ನ ದೇಶದ ಯಾವ ಕಾಲಮ್ಮಿನಲ್ಲೂ ಸಿಕ್ಕಿರಲಿಲ್ಲ.
ಮೇಡಂಗೆ ಹೇಳಿದೆ. ನಕ್ಕರು.
ಒಬ್ಬಳೇ ಒಬ್ಬಳು, ಎಂದರು. ಮಾದರಿ ತೀರ ಚಿಕ್ಕದಾಯಿತು.

ಆಮೇಲೆ ಆಷಾಢದ ಎರಡನೇ ವಾರ.
ಎದುರಿಗೆ ಶ್ರಾವಣ, ವರಮಹಾಲಕ್ಷ್ಮಿ;
ಸೂತ್ರದ ಪ್ರಕಾರ ಕಂಬ ಬಿಳುಪೇರಬೇಕು.
ಮೂರೇ ಗೀಟು.
ಅವಳು ಎಲೆಯ ನಡುನರವನ್ನು ಉಗುರಲ್ಲಿ ಸೀಳಿ
ಅರ್ಧ ಬಾಯಿಗಿಟ್ಟು
ಅರ್ಧವನ್ನು ಒದ್ದೆ ಬಾಳೆಪಟ್ಟೆಯೊಳಗೆ ಮಡಚಿಟ್ಟಳು.

ಸಾಬರು ಕೊಡಲಿಲ್ಲವಾ, ಅಂದೆ.
'ಕೇಳುದ್ರೆ ಕೊಡ್ತಾರೆ ಕಣವ್ವ,' ಅಂದಳು,
'ಅದ್ಕೇ ಕೇಳ್ನಿಲ್ಲ.'
ಸಾಬರು ಖಾಲಿ ಡಬ್ಬಿಗಳ ಧೂಳು ಹೊಡೆಯುತ್ತಿದ್ದರು,
ಒಂದೇ ಡಬ್ಬಿಯನ್ನು, ಎರಡು ಸಲ.

ರಾತ್ರಿ ಐದನೇ ಅಧ್ಯಾಯ ತೆರೆದೆ.
'ಬಾಗಿಲು ಮುಚ್ಚಿತ್ತು' ಎಂಬಲ್ಲಿ ಕರ್ಸರ್ ಮಿಣುಕುತ್ತಿತ್ತು.
ತೆರೆದ ಬಾಗಿಲೆದುರು ನಿಂತೂ ಒಳಗೆ ಕಾಲಿಡದವರಿಗೆ
ಯಾವ ಅಕ್ಷರ ಕೊಡಲಿ?
ಆಲ್ಫಾ ಬೀಟಾ ಎಲ್ಲ ಮುಗಿದು
ಗ್ರೀಕಿನಲ್ಲಿ ಉಳಿದಿರುವುದು ಒಂದೆರಡು, ಅವೂ ಬರೆಯಲು ಕಷ್ಟ.
ಚೀಲದಲ್ಲಿ ಅವಳು ಬಲವಂತದಿಂದ ತುರುಕಿದ ಮೊಳ ಕಾಕಡ.
ಅದಕ್ಕೆ ಯಾವ ಕಂಬದಲ್ಲೂ ಗೀಟಿಲ್ಲ.

ಊಹೆ ತಿರಸ್ಕೃತ, ಎಂದು ಟೈಪಿಸಿದೆ,
ಶೇಕಡಾ ಐದರ ಮಟ್ಟದಲ್ಲಿ.
ಕೆಳಗೆ, ಕಾರಣ, ಎಂದು ಬರೆದು
ಪಕ್ಕದಲ್ಲಿ ಎರಡು ಚುಕ್ಕಿಯಿಟ್ಟು
ಎದ್ದು ನೀರು ಕುಡಿದೆ.